ಎಣ್ಣೆಯನ್ನು ಬೈಯುವ ಮೊದಲು ಬತ್ತಿ ನೋಡಿ

ಯೆಹೂದಿಗಳ ಎಂಟು ದಿನದ ದೀಪದ ಹಬ್ಬ ಹನುಕ್ಕಾ ಬಂತೆಂದರೆ, ಇಸ್ರೇಲ್‌ನಲ್ಲಿ ಹಿರಿಯರ ಆರೈಕೆಗಿರುವ ನಮ್ಮ ಕರಾವಳಿಯವರದು ಅದೇ ದೂರು: "ಎಣ್ಣೆ ಸರಿ ಇಲ್ಲ, ದೀಪ ನಿಲ್ಲುವುದಿಲ್ಲ." ಈಗಷ್ಟೇ ಅಂಥದ್ದೇ ಫೋಟೊ ನೋಡಿ ಸಿಟ್ಟು ಬಂತು. ಲೋಟದ ತುಂಬ ಒಳ್ಳೆಯ ಆಲಿವ್ ಎಣ್ಣೆ. ಬತ್ತಿಯನ್ನು ಮಾತ್ರ ಅದನ್ನು ನೆಟ್ಟಗೆ ಹಿಡಿಯುವ ಪುಟ್ಟ ಕೊಳವೆಯೊಳಗೆ ಗಿಡಿದು ತುರುಕಿದ್ದಾರೆ. ಎಣ್ಣೆ ಮೇಲೇರುವುದಾದರೂ ಎಲ್ಲಿಂದ?

ಆಲಿವ್ ಎಣ್ಣೆ ಸೀಮೆಎಣ್ಣೆಯ ಹಾಗಲ್ಲ, ಮಂದ. ಬತ್ತಿಯಲ್ಲಿ ಹೆಚ್ಚು ಎತ್ತರಕ್ಕೆ ಏರುವುದಿಲ್ಲ. ಚಳಿಯಲ್ಲಿ ಹೊರಗಿಟ್ಟರೆ ಇನ್ನೂ ಗಟ್ಟಿ. ಹಾಗಾಗಿ ಬತ್ತಿಯ ಕುಡಿ ಎಣ್ಣೆಗೆ ಹತ್ತಿರವೇ ಇರಬೇಕು. ಲೋಟದ ಅಂಚಿನ ಮೇಲೆ ಕೂರುವ ಕೊಳವೆಯಾದರೆ, ಎಣ್ಣೆ ಇಳಿದಂತೆ ಅಂತರ ಹೆಚ್ಚುತ್ತದೆ, ಜ್ವಾಲೆ ಕುಗ್ಗುತ್ತದೆ. ತೇಲುವ ಬೆಂಡಿನ ಬಿಲ್ಲೆಯಾದರೆ ಎಣ್ಣೆಯ ಜೊತೆಗೇ ಇಳಿಯುತ್ತದೆ. ಅಗಲ ಲೋಟಕ್ಕೆ ನಾನು ಹೇಳುವುದು ಅದನ್ನೇ. ಕಿರಿದಾದ ಲೋಟದಲ್ಲಿ ಬಿಲ್ಲೆ ಗೋಡೆಗೆ ಅಂಟಿ ಗಾಜು ಕಾಯುತ್ತದೆ, ಅಲ್ಲಿ ಕೊಳವೆಯೇ ಸರಿ. ಕೊಳವೆಯಲ್ಲಿ ಬತ್ತಿ ಬೆರಳಿನಿಂದ ಎಳೆದರೆ ಜಾರಬೇಕು, ತಾನಾಗಿ ಬೀಳಬಾರದು.

ಹತ್ತಿಯ ಬತ್ತಿಯನ್ನು ಮೊದಲೇ ಎಣ್ಣೆಯಲ್ಲಿ ನೆನೆಸಿ. ಹೊರಗೆ 3-4 ಮಿಲಿಮೀಟರ್ ಸಾಕು, ಉದ್ದವಾದರೆ ಬರೀ ಮಸಿ. ಲೋಟದ ತಳಕ್ಕೆ ನೀರು ಹಾಕುವ ರೂಢಿಯಿದ್ದರೆ ಬತ್ತಿಯ ಬಾಲ ನೀರಿಗೆ ಮುಟ್ಟದಿರಲಿ. ನೀರು ಹೀರಿದ ಬತ್ತಿ ಚಟಪಟ ಎಂದು ಆರುತ್ತದೆ. ಆಗಲೂ ಬೈಗುಳ ಎಣ್ಣೆಗೇ!

"ಬತ್ತಿ ಸಮೇತ ಹೆಪ್ಪುಗಟ್ಟಿಸಿದ ಎಣ್ಣೆಯ ರೆಡಿ ಕಪ್ ಸಿಗುತ್ತಲ್ಲ?" ಸಿಗುತ್ತದೆ, ತರಲಿ. ಕಪ್ ನಿಮ್ಮ ಹನುಕ್ಕಿಯಾದ (ಹನುಕ್ಕಾ ದೀಪಗಳನ್ನು ಇಡುವ ದೀಪಸ್ತಂಭದ) ಬಟ್ಟಲಲ್ಲಿ ಕೂರದೆ ವಾಲಿದರೆ ಏನು ಮಾಡುತ್ತೀರಿ?

ಹಚ್ಚುವುದು ಮನೆಯವರೇ. ಅಣಿಮಾಡುವುದು ಮಾತ್ರ ನಮ್ಮವರ ಪಾಲಿಗೆ ಬರುವ ಕೆಲಸ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಕತ್ತಲಾದ ಮೇಲೆ ಅರ್ಧ ಗಂಟೆ ಉರಿಯುವಷ್ಟು ಎಣ್ಣೆ ಹಚ್ಚುವಾಗಲೇ ಇರಬೇಕು, ಆಮೇಲೆ ಸುರಿದದ್ದು ಲೆಕ್ಕಕ್ಕಿಲ್ಲ. ಎಂಟೂ ದೀಪ ಒಂದೇ ಎತ್ತರದಲ್ಲಿ, ಜ್ವಾಲೆಗಳು ಒಂದಕ್ಕೊಂದು ಕೂಡದಷ್ಟು ದೂರದಲ್ಲಿರಲಿ. ಉಳಿದವನ್ನು ಹಚ್ಚುವ ಒಂಬತ್ತನೆಯ ದೀಪ ಶಮಾಶ್ ಮಾತ್ರ ಬೇರೆಯಾಗಿ ಕಾಣಬೇಕು. ಶುಕ್ರವಾರ ಸಂಜೆ ಶುರುವಾಗುವ ವಾರದ ವಿಶ್ರಾಂತಿ ದಿನವೇ ಸಬ್ಬತ್; ಆ ಶುಕ್ರವಾರ ಸಬ್ಬತ್ ದೀಪಕ್ಕೂ ಮೊದಲೇ, ಇನ್ನೂ ಬೆಳಕಿರುವಾಗ ಹಚ್ಚುತ್ತಾರೆ. ಅಂದು ಒಂದೂವರೆ ಗಂಟೆಗಾದರೂ ಸಾಲುವಷ್ಟು ಎಣ್ಣೆ, ಅದಕ್ಕೆ ತಕ್ಕ ದೊಡ್ಡ ಲೋಟ ಬೇಕು. ಸಬ್ಬತ್ ಶುರುವಾದ ಮೇಲೆ ಆರಿದರೆ ಮತ್ತೆ ಹಚ್ಚುವಂತಿಲ್ಲ. ಗುರುವಾರವೇ ಅದೇ ಲೋಟ, ಅದೇ ಬತ್ತಿ ಇಟ್ಟು ಒಂದನ್ನು ಪೂರ್ತಿ ಉರಿಸಿ, ಗಡಿಯಾರ ನೋಡಿಕೊಳ್ಳಿ.