ಅತ್ತೂರಿನಲ್ಲಿ ಹಳೆಯದು ಯಾವುದು?

ಬೆಂಗಳೂರಿನ ಗೆಳೆಯನೊಬ್ಬನನ್ನು ಮೊನ್ನೆ ಕಾರ್ಕಳದ ಅತ್ತೂರು ಇಗರ್ಜಿಗೆ (ಚರ್ಚಿಗೆ) ಕರೆದುಕೊಂಡು ಹೋಗಿದ್ದೆ. "ಪುರಾತನ ಅಂದ್ಯಲ್ಲೋ, ಗೋಡೆ ಅಷ್ಟೇನೂ ಹಳೇದು ಕಾಣಲ್ವಲ್ಲ" ಅಂದ.

ಅತ್ತೂರಿನಲ್ಲಿ ಗೋಡೆಯ ವಯಸ್ಸು ಕೇಳಬಾರದು. 1759ರ ಮೊದಲ ಇಗರ್ಜಿ ಇದ್ದದ್ದೇ ಬೇರೆ ಕಡೆ. 1784ರಲ್ಲಿ ಟಿಪ್ಪುವಿನ ಸೈನ್ಯ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದಾಗ ಅದು ನೆಲಸಮವಾಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಜೀವ ಉಳಿದವರು ಮರಳಿ ಬಂದು ಇನ್ನೊಂದು ಕಟ್ಟಿಕೊಂಡರು. ಅದೂ ಶಿಥಿಲವಾಗಿ, ಈಗಿನ ಜಾಗಕ್ಕೆ ಬಂದದ್ದು 1839ರಲ್ಲಿ.

ಬಂದ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸಂತ ಲಾರೆನ್ಸರ ಪುಟ್ಟ ಮರದ ಮೂರ್ತಿ ಹಿಡಿದು ಪಾದ್ರಿಗಳು ಜಾಗ ಹುಡುಕುತ್ತಿದ್ದರಂತೆ. ಒರತೆ ಕಂಡು, ನೀರು ಕುಡಿಯಲು ಮೂರ್ತಿಯನ್ನು ನೆಲಕ್ಕಿಟ್ಟರಂತೆ. ಆಮೇಲೆ ಎತ್ತಿದರೆ ಏಳಲೊಲ್ಲದು! ಇಲ್ಲೇ ಇಗರ್ಜಿ ಕಟ್ಟುತ್ತೇವೆ ಎಂದು ಹರಕೆ ಹೊತ್ತ ಮೇಲೇ ಎದ್ದದ್ದು. ಗೋಕರ್ಣದ ಆತ್ಮಲಿಂಗದ ಕತೆ ಕೇಳಿ ಬೆಳೆದ ನನ್ನ ಅಜ್ಜಿಗೆ ಇದರಲ್ಲಿ ಸೋಜಿಗವೇ ಇರಲಿಲ್ಲ. "ನಡೆದೂ ನಡೆದೂ ದೇವರಿಗೂ ಕಾಲು ಸೋತಿರಬೇಕು" ಅನ್ನುತ್ತಿದ್ದಳು. ಆ ಒರತೆಯ ಕೆರೆಗೆ ಇಲ್ಲಿಯ ಹೆಸರು ಪುಷ್ಕರಿಣಿ. ರೋಮಿನಲ್ಲಿ 258ರಲ್ಲಿ ಹುತಾತ್ಮನಾದ ಸಂತನಿಗೆ ತುಳುನಾಡಿನಲ್ಲೊಂದು ಪುಷ್ಕರಿಣಿ!

ನನಗೆ ರೇಗುವುದು ಬೇರೆ ವಿಷಯಕ್ಕೆ. ಟಿಪ್ಪು ಜಗಳ ಎದ್ದಾಗೆಲ್ಲ ಒಂದು ಪಕ್ಷದವರು 1784ನ್ನು ಕಲ್ಲಿನ ಹಾಗೆ ಬೀಸುತ್ತಾರೆ, ಇನ್ನೊಂದು ಪಕ್ಷದವರು ಅಂಥದ್ದು ನಡೆದೇ ಇಲ್ಲ ಎಂಬಂತೆ ಮಾತಾಡುತ್ತಾರೆ. ನಡೆದದ್ದು ನಡೆದದ್ದೇ, ಮುಚ್ಚಿಡುವುದು ಬೇಡ. ಆದರೆ ಆ ಇಸವಿಗೇ ನಿಂತುಬಿಡುವವರು, ಮರಳಿ ಬಂದವರು ಏನು ಮಾಡಿದರು ಅಂತ ಯಾಕೆ ಕೇಳುವುದಿಲ್ಲ? ಊರಿನ ಇತಿಹಾಸ ಅರ್ಧಕ್ಕರ್ಧ ಅಲ್ಲೇ ಇದೆ.

2016ರಲ್ಲಿ ಇದು ಬಸಿಲಿಕಾ, ಅಂದರೆ ಪೋಪರಿಂದ ವಿಶೇಷ ಮಾನ್ಯತೆ ಪಡೆದ ಇಗರ್ಜಿ, ಆಯಿತು. ನಮ್ಮ ಬಾಯಲ್ಲಿ ಇನ್ನೂ ಅತ್ತೂರು ಇಗರ್ಜಿಯೇ, ಜನವರಿಯ ಹಬ್ಬ ಸಾಂತ್‌ಮಾರಿಯೇ. ಅಜ್ಜಿ ಒಂದು ವರ್ಷವೂ ತಪ್ಪಿಸಿದವಳಲ್ಲ. ಗಾಳಿಗೆ ಅಂಗೈ ಅಡ್ಡ ಹಿಡಿದು ಮೊಂಬತ್ತಿ ಹಚ್ಚುವಳು, ಮೇಣ ಬೆರಳಿಗೆ ಬಿದ್ದರೂ ಬಿಡುವಳಲ್ಲ. ಆಮೇಲೆ ಪುಷ್ಕರಿಣಿಯ ನೀರು. ಅದಕ್ಕೆಂದೇ ಅಜ್ಜನ ಬ್ರಾಂಡಿ ಬಾಟ್ಲಿಯೊಂದನ್ನು ಬೂದಿ ಹಾಕಿ ಮೂರು ಸಲ ತಿಕ್ಕಿ ತಂದಿರುತ್ತಿದ್ದಳು. ಮನೆಯಲ್ಲಿ ಅದು ತುಳಸಿಕಟ್ಟೆಯ ನೇರಕ್ಕೆ, ದೇವರ ಕೋಣೆಯ ಗೂಡಿನಲ್ಲಿ ಇರುತ್ತಿತ್ತು.