ಮಡಿವಂತ ಡಿವಿಡಿ ಪ್ಲೇಯರ್

ಹಳೇ ಡಿವಿಡಿ ಪ್ಲೇಯರ್‌ನಷ್ಟು ಮಡಿವಂತ ಯಂತ್ರವನ್ನು ನಾನು ಬೇರೆ ಕಂಡಿಲ್ಲ. ಕಂಪ್ಯೂಟರ್‌ನಲ್ಲಿ ಚೆನ್ನಾಗಿಯೇ ಓಡುವ ವಿಡಿಯೋವನ್ನು ಹಾಗೇ ಡಿಸ್ಕಿಗೆ ತುಂಬಿ ಕೊಟ್ಟರೆ ಅದು ಮುಟ್ಟುವುದಿಲ್ಲ. ಎಲ್ಲ ಶಾಸ್ತ್ರೋಕ್ತವಾಗಿ ಆಗಬೇಕು. ವಿಡಿಯೋ ಎಂಪೆಗ್-2 ಅನ್ನುವ ರೂಪಕ್ಕೆ ಬರಬೇಕು. ನಮ್ಮ ದೇಶದ ಪಾಲ್ ಅನ್ನುವ ಟಿವಿ ಪದ್ಧತಿಯ ಲೆಕ್ಕದಲ್ಲಿ ಚಿತ್ರದ ಅಳತೆ 720×576 ಚುಕ್ಕಿ, ಸೆಕೆಂಡಿಗೆ 25 ಫ್ರೇಮ್. ಅದು ವಿಡಿಯೋ ಟಿಎಸ್ ಅನ್ನುವ ಫೋಲ್ಡರ್‌ನಲ್ಲೇ ಕೂರಬೇಕು. ಅದರೊಳಗೆ ವಿಡಿಯೋ ತುಂಬಿರುವ ಒಂದೊಂದು ವಿಒಬಿ ಫೈಲೂ 1 ಜಿಬಿ ಮೀರಬಾರದು. ಕೊನೆಗೆ ಫೈನಲೈಸ್ ಮಾಡಲೇಬೇಕು, ಅಂದರೆ ಬರೆದದ್ದು ಮುಗಿಯಿತು ಅಂತ ಡಿಸ್ಕನ್ನು ಮುಚ್ಚಬೇಕು. ಮಾಡದಿದ್ದರೆ ಬರೆದ ಕಂಪ್ಯೂಟರ್‌ನಲ್ಲಿ ಓಡಿದ ಡಿಸ್ಕು ಹಾಲ್‌ನ ಟಿವಿ ಮುಂದೆ ಮೌನ ವ್ರತ ಹಿಡಿಯಬಹುದು.

ಅದಕ್ಕೂ ಮೊದಲು ಇದ್ದದ್ದು ವಿಸಿಡಿ, ಅಂದರೆ ಸಿಡಿ ಮೇಲೆ ವಿಡಿಯೋ. 1993ರಲ್ಲಿ ಬಂದ ಪದ್ಧತಿ ಅದು. ಒಂದು ಸಿಡಿಗೆ ಸುಮಾರು 74 ನಿಮಿಷ. ಒಂದು ಮದುವೆಗೆ ಎರಡು ಮೂರು ಸಿಡಿ ಬೇಕಾಗುತ್ತಿತ್ತು. ಮುಖದ ಕ್ಲೋಸಪ್ ಪರವಾಗಿಲ್ಲ. ಧಾರೆ ಹೊತ್ತಿಗೆ ಎಲ್ಲರೂ ಅಕ್ಷತೆ ಎಸೆದರೋ, ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಪಾಪ, ಒಂದು ಸೆಕೆಂಡಿನ ಚಿತ್ರಕ್ಕೆ ಇದ್ದದ್ದು 1.15 ಮೆಗಾಬಿಟ್ ಮಾಹಿತಿ ಅಷ್ಟೇ. ಹಾರಾಡುವ ಅಷ್ಟೂ ಅಕ್ಕಿಕಾಳನ್ನು ಅದರಲ್ಲಿ ಎಲ್ಲಿ ಹಿಡಿಸುವುದು?

ಡಿವಿಡಿಯಲ್ಲಿ ಜಾಗ ಜಾಸ್ತಿ. ಡಬ್ಬದ ಮೇಲೆ 4.7 ಜಿಬಿ ಅಂತ ಇರುತ್ತದೆ, ವಿಂಡೋಸ್ 4.37 ಅನ್ನುತ್ತದೆ. ಜಿಬಿ ಎಣಿಸುವಾಗ ಡಬ್ಬದವರದು 1000ದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ. ಯಾರೂ ಸುಳ್ಳು ಹೇಳುತ್ತಿಲ್ಲ. ಚಿತ್ರ ಚೆನ್ನಾಗಿರಬೇಕು ಅಂದರೆ ಎರಡು ಗಂಟೆ ಹಿಡಿಯುತ್ತದೆ ಅಂದುಕೊಳ್ಳಿ. ಮದುವೆಯಲ್ಲಿ ಫೋನಿನಲ್ಲಿ ತೆಗೆದ ತುಣುಕುಗಳೋ, ಆರು ಗಂಟೆಯಷ್ಟು! ಕತ್ತರಿ ಹಾಕಲೇಬೇಕು. ನನಗೆ ಇಷ್ಟವಾದದ್ದೇ ಇದು. ಫೋನಿನಲ್ಲಿ ಎಲ್ಲವೂ ಇರುತ್ತದೆ, ಯಾರೂ ನೋಡುವುದಿಲ್ಲ. ಡಿಸ್ಕಿಗೆ ಹಾಕುವಾಗ ಮಾತ್ರ ಯಾವುದು ಬೇಕು ಅಂತ ಯಾರಾದರೂ ಕೂತು ನೋಡಲೇಬೇಕು, ಅಲ್ವಾ?

ಈ ಕಾಲದಲ್ಲಿ ಡಿಸ್ಕು ಯಾರಿಗೆ ಅಂತ ಕೇಳಬೇಡಿ. ಊರಲ್ಲಿರುವ ದೊಡ್ಡಮ್ಮನಿಗೆ.

“ಮೊಬೈಲಿಗೇ ಕಳಿಸ್ತೀನಿ ದೊಡ್ಡಮ್ಮ.”

“ಆ ಅಂಗೈಯಗಲದಲ್ಲಿ ಏನು ಕಾಣತ್ತೆ ಮಾರಾಯ? ಸಿಡಿ ಮಾಡಿಸಿ ಕೊಡು.”

ದೊಡ್ಡಮ್ಮನ ಪಾಲಿಗೆ ದುಂಡಗಿರುವುದೆಲ್ಲ ಸಿಡಿ. ಸರಿ, ಊಟದ ಪಂಕ್ತಿಯನ್ನು ತೆಗೆದುಬಿಡಲಾ ಅಂದೆ. ಆಗ ಶುರುವಾಯಿತು. ತಾಳಿ ಕಟ್ಟಿದ್ದನ್ನು ಅವರು ಎದುರಿಗೇ ಕೂತು ನೋಡಿದ್ದಾರಂತೆ. ಯಾರ್ಯಾರು ಬಂದಿದ್ದರು, ಯಾರ ಪಕ್ಕ ಯಾರು ಕೂತಿದ್ದರು, ಯಾರು ಮುಖ ತಿರುಗಿಸಿಕೊಂಡರು ಅನ್ನುವುದು ಪಂಕ್ತಿಯಲ್ಲಿ ತಾನೇ ತಿಳಿಯುವುದು? ಮೂರೂ ಪಂಕ್ತಿ ಪೂರ್ತಿ ಸೇರಿಸಿ ಬಿಟ್ ರೇಟ್, ಅಂದರೆ ಸೆಕೆಂಡಿಗೆ ಇಷ್ಟು ಮಾಹಿತಿ ಅನ್ನುವ ಲೆಕ್ಕ, ಇಳಿಸಿದ್ದೇನೆ. ಪಾಯಸ ಸ್ವಲ್ಪ ಮಸುಕು. ಮುಖಗಳು ಗುರುತು ಸಿಗುತ್ತವೆ.