ಇನ್ನೊಂದು ಪಾರ್ಟಿ

ಬೆಂಗಳೂರಿನಲ್ಲಿ ಮನೆ ಕೊಳ್ಳೋಕೆ ಹೊರಟವರಿಗೆಲ್ಲ ಗೊತ್ತಿರುವ ಒಬ್ಬ ಆಸಾಮಿ ಇದ್ದಾನೆ. ಅವನ ಮುಖ ಯಾರೂ ನೋಡಿಲ್ಲ, ಹೆಸರೂ ಯಾರಿಗೂ ಗೊತ್ತಿಲ್ಲ. ಆದರೆ ನಾವು ಯಾವ ಮನೆ ಇಷ್ಟಪಟ್ಟರೂ ಅದನ್ನು ಅವನು ನಮಗಿಂತ ಮುಂಚೆ ನೋಡಿರುತ್ತಾನೆ, ನಾವು ಎಷ್ಟು ಹೇಳಿದರೂ ಅದರ ಮೇಲೆ ಎರಡು ಲಕ್ಷ ಹೇಳಿರುತ್ತಾನೆ, ಸೋಮವಾರ ಬೆಳಿಗ್ಗೆ ಟೋಕನ್ ಕೊಡೋಕೆ ಚೆಕ್ ಬುಕ್ ಹಿಡಿದು ನಿಂತಿರುತ್ತಾನೆ. ಬ್ರೋಕರ್‌ಗಳು ಅವನನ್ನು ‘ಇನ್ನೊಂದು ಪಾರ್ಟಿ’ ಅನ್ನುತ್ತಾರೆ.

“ಸಾರ್, ನೀವು ಒಳ್ಳೆಯವರು ಅಂತ ಹೇಳ್ತಿದೀನಿ. ಇನ್ನೊಂದು ಪಾರ್ಟಿ ರೆಡಿ ಕೂತಿದೆ. ಆಷಾಢ ಬರೋದ್ರೊಳಗೆ ರಿಜಿಸ್ಟ್ರೇಷನ್ ಮಾಡ್ಕೊಂಡುಬಿಡ್ತಾರಂತೆ.”

ಇದು ಶುದ್ಧ ಸುಳ್ಳು ಅಂತ ಗೊತ್ತಿದ್ದರೆ ಸಲೀಸಿತ್ತು. ನಿಜ ಇದ್ದರೂ ಇರಬಹುದಲ್ಲ, ಅಲ್ಲೇ ಇರೋದು ತೊಂದರೆ. ಕಾಗದಪತ್ರ ಸರಿ ಇರುವ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸೈಟಿನ ಮನೆ ಈ ಊರಲ್ಲಿ ಜಾಸ್ತಿ ದಿನ ಉಳಿಯಲ್ಲ. ನಾವು ನೋಡಿದ್ದು ಅಂಥದ್ದೇ. ಕೆಂಗೇರಿ ಉಪನಗರ, ಮೂವತ್ತು ನಲವತ್ತರ ಸೈಟು, ಪೂರ್ವದ ಬಾಗಿಲು, ಕೆಳಗೆ ಒಂದು ಮನೆ, ಮೇಲೆ ಒಂದು ರೂಮು. ರೆಡ್ ಆಕ್ಸೈಡ್ ನೆಲ ಓಡಾಡಿ ಓಡಾಡಿ ಹೊಳಪು ಬಂದಿತ್ತು. ಯಜಮಾನರು ರಿಟೈರ್ ಆದವರು, ಗಂಡ ಹೆಂಡತಿ ಇಬ್ಬರೇ. ಮಗಳು ಪುಣೆಯಲ್ಲಿ, ಅಲ್ಲಿಗೇ ಹೋಗಿಬಿಡೋಣ ಅಂತ ಅವರ ಯೋಚನೆ.

ಮನೆ ನೋಡಲು ಹೋದಾಗ ಮುಖದಲ್ಲಿ ಖುಷಿ ತೋರಿಸಬಾರದು ಅಂತ ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಯಜಮಾನರು ಬಗ್ಗಿ ಸಂಪಿನ ಮುಚ್ಚಳ ಎತ್ತಿ, “ಕಾವೇರಿ ನೀರು, ದಿನ ಬಿಟ್ಟು ದಿನ ಬರುತ್ತೆ” ಅಂದರು. ಟ್ಯಾಂಕರ್‌ನವರಿಗೆ ಫೋನ್ ಮಾಡಿ ಮಾಡಿ ಸುಸ್ತಾಗಿರುವ ನನ್ನ ಹೆಂಡತಿ ಆ ಸಂಪಿನೊಳಗೆ ಇಣುಕಿ ನೋಡಿದ ರೀತಿಗೇ ಒಂದು ಲಕ್ಷ ಏರಿರಬೇಕು. ಆಮೇಲೆ ಅಡುಗೆಮನೆಯಲ್ಲಿ ನಿಂತು, “ರೀ, ಫ್ರಿಜ್ಜು ಇಲ್ಲಿ ಇಟ್ರೆ ಸರಿಹೋಗುತ್ತೆ ಅಲ್ವಾ?” ಅಂದಳು. ಬ್ರೋಕರ್ ಹಾಲಿನಲ್ಲಿ ಫೋನ್ ನೋಡುತ್ತಾ ನಿಂತಿದ್ದ. ಅಲ್ಲಿಂದಲೇ ನಕ್ಕ.

ಯಜಮಾನರು ಹೇಳಿದ್ದು ಒಂದು ಕೋಟಿ ಅರವತ್ತೈದು ಲಕ್ಷ. “ಕೂತು ಮಾತಾಡೋಣ ಬನ್ನಿ” ಅಂತಲೂ ಸೇರಿಸಿದರು. ಸರಿ, ಕೂತರೆ ಎಷ್ಟು ಅಂತ ಶುರು ಮಾಡೋದು?

ನೋಂದಣಿಗೆ ಅಂತ ಸರ್ಕಾರ ಗೊತ್ತುಮಾಡಿದ ಬೆಲೆ, ಗೈಡೆನ್ಸ್ ವ್ಯಾಲ್ಯೂ ಅಂತ ಒಂದು ಇದೆ, ಆದರೆ ಅದನ್ನು ಇಟ್ಟುಕೊಂಡು ಮನೆ ಕೇಳಿದರೆ ಕಾಫಿ ಕೂಡ ಕೊಡಲ್ಲ. ಅಕ್ಕಪಕ್ಕದ ಮನೆಗಳ ಕ್ರಯಪತ್ರ ತೆಗೆಸಿ ನೋಡೋಣ ಅಂದರೆ, ಹಳೆಯ ಪತ್ರಗಳಲ್ಲಿ ಬರೆದಿರೋದು ಬಹಳ ಸಲ ಆ ಗೈಡೆನ್ಸ್ ವ್ಯಾಲ್ಯೂ ಸುತ್ತಮುತ್ತಲಿನ ಅಂಕಿಯೇ. ನಿಜವಾಗಿ ಎಷ್ಟಕ್ಕೆ ಮಾರಾಟ ಆಯ್ತು ಅನ್ನೋದು ಗೊತ್ತಿರೋದು ಆ ಬೀದಿಯ ಇಸ್ತ್ರಿ ಅಂಗಡಿಯವನಿಗೆ. ನಾನು ಇಸ್ತ್ರಿ ಇದ್ದ ಷರ್ಟನ್ನೇ ಮುದುಡಿಕೊಂಡು ಹೋಗಿ ಅವನ ಹತ್ತಿರ ನಿಂತೆ. ಅವನು ಕಾಲರ್ ಮೇಲೆ ನೀರು ಚಿಮುಕಿಸುತ್ತಾ, “ಮೂಲೆ ಮನೆ ಒಂದೂವರೆಗೆ ಹೋಯ್ತು ಸಾರ್, ಆದ್ರೆ ಅದು ಕಾರ್ನರ್ರು” ಅಂದ. ಇಷ್ಟು ಖಚಿತವಾದ ಮಾಹಿತಿ ನನಗೆ ಇನ್ಯಾರೂ ಕೊಡಲಿಲ್ಲ.

ಬ್ಯಾಂಕಿನ ವ್ಯಾಲ್ಯುಯೇಷನ್ ಮಾಡುವ ಪರಿಚಯದವರೊಬ್ಬರು ಲೆಕ್ಕ ಹಾಕಿ ಒಂದು ಮೂವತ್ತು ಅಂದರು. ಅವರಿಗೆ ಜಾಗಕ್ಕೆ ಬೆಲೆ; ಕಟ್ಟಡ ಹಳೆಯದಾದಷ್ಟೂ ಅವರ ಪುಸ್ತಕದಲ್ಲಿ ಸವೆಯುತ್ತಾ ಹೋಗುತ್ತದೆ. ಯಜಮಾನರಿಗೆ ಅದೇ ಕಟ್ಟಡ ವರ್ಷ ವರ್ಷ ಬೆಳೆಯುತ್ತಾ ಹೋಗುತ್ತದೆ. ತೇಗದ ಬಾಗಿಲು, ಈಗ ಯಾರೂ ಮಾಡದ ರೆಡ್ ಆಕ್ಸೈಡ್ ಕೆಲಸ, ಅವರೇ ನೆಟ್ಟ ಸೀಬೆ ಮರ, 2021ರಲ್ಲಿ ಕೆಂಗೇರಿಗೆ ಬಂದ ಮೆಟ್ರೋ, ಎಲ್ಲ ಅವರ ಲೆಕ್ಕದಲ್ಲಿ ಇದ್ದವು. ಮೆಟ್ರೋ ಬಗ್ಗೆ ಅವರು ಹೇಳುವಾಗ ಕಂಬಗಳನ್ನೂ ಅವರೇ ನಿಲ್ಲಿಸಿದ ಹಾಗಿತ್ತು.

ನನ್ನ ಹೆಂಡತಿ ಯಾವುದೋ ಮದುವೆ ಕಾಗದದ ಹಿಂದೆ ಲೆಕ್ಕ ಬರೆದಳು. ಎಪ್ಪತ್ತೈದು ಲಕ್ಷ ದಾಟಿದ ಗೃಹಸಾಲಕ್ಕೆ ಬ್ಯಾಂಕು ಕೊಡೋದು ಮನೆ ಬೆಲೆಯ ಮುಕ್ಕಾಲು ಭಾಗ, ರಿಸರ್ವ್ ಬ್ಯಾಂಕಿನ ನಿಯಮ. ಅದೂ ಯಾವ ಬೆಲೆಯ ಮುಕ್ಕಾಲು? ವ್ಯಾಲ್ಯುಯರ್ ಹೇಳಿದ್ದು, ನಾವು ಒಪ್ಪಿದ್ದು, ಎರಡರಲ್ಲಿ ಯಾವುದು ಕಮ್ಮಿಯೋ ಅದರದ್ದು. ಒಂದು ಮೂವತ್ತಕ್ಕೆ ತೊಂಬತ್ತೇಳೂವರೆ ಲಕ್ಷ. ಅದರ ಮೇಲಿನದ್ದೆಲ್ಲ ನಮ್ಮ ಜೇಬು. ಜೊತೆಗೆ ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್, ಅದಕ್ಕೆ ಸೆಸ್ಸು ಸರ್‌ಚಾರ್ಜು ಸೇರಿ 5.6, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಒಂದರಿಂದ ಎರಡು ಪರ್ಸೆಂಟ್ ಆಗಿದೆ. ಒಟ್ಟು 7.6. ಇದಕ್ಕೆ ಸಾಲದಲ್ಲಿ ಜಾಗ ಇಲ್ಲ. ಬ್ರೋಕರ್‌ದು ಒಂದು ಪರ್ಸೆಂಟ್ ಬೇರೆ.

ಅಂದರೆ ನಾನು ಹುಮ್ಮಸ್ಸಿನಲ್ಲಿ “ಆಯ್ತು, ಇನ್ನೊಂದು ಲಕ್ಷ ತಗೊಳ್ಳಿ” ಅಂದರೆ, ಅದು ಬ್ಯಾಂಕಿನ ಲಕ್ಷ ಅಲ್ಲ. ಇಪ್ಪತ್ತು ವರ್ಷ ಕಂತು ಕಟ್ಟಿ ತೀರಿಸುವ ಲಕ್ಷವೂ ಅಲ್ಲ. ನಾಳೆಯೇ ನಮ್ಮ ಎಫ್‌ಡಿ ಮುರಿದು ಕೊಡಬೇಕಾದ 1,08,600 ರೂಪಾಯಿ. ಹೆಂಡತಿ ಆ ಅಂಕಿಗೆ ಎರಡು ಗೆರೆ ಎಳೆದು, “ನಿಮ್ಮ ಬಾಯಿ ಒಂದು ಸಲ ತೆರೆದ್ರೆ ಇಷ್ಟು” ಅಂದಳು. ಒಂದು ನಲವತ್ತಕ್ಕೆ ಶುರು ಮಾಡೋದು, ಒಂದು ನಲವತ್ತೆಂಟು ದಾಟಿದರೆ ಎದ್ದು ಬರೋದು ಅಂತ ತೀರ್ಮಾನ ಆಯ್ತು.

ಇಷ್ಟು ಹೊತ್ತಿಗೆ ಸಲಹೆಗಳು ಬಂದವು. ಸ್ಯಾನ್ ಹೋಸೆಯಲ್ಲಿರುವ ಭಾಮೈದ ವಾಟ್ಸಾಪ್‌ನಲ್ಲಿ ಅಲ್ಲಿಯ ಪದ್ಧತಿ ವಿವರಿಸಿದ. ಅಲ್ಲಿ ಒಂದು ಒಳ್ಳೆ ಮನೆಗೆ ಹತ್ತಾರು ಜನ ಆಫರ್ ಬರೀತಾರಂತೆ, ಕೇಳಿದ್ದಕ್ಕಿಂತ ಜಾಸ್ತಿಯೇ ಬರೀತಾರಂತೆ, ಬೇರೆಯವರು ಎಷ್ಟು ಬರೆದಿದ್ದಾರೆ ಅಂತ ಗೊತ್ತಾಗಲ್ಲವಂತೆ. ಕೆಲವರು ಗಂಡ ಹೆಂಡತಿ ಮಕ್ಕಳು ನಾಯಿ ಎಲ್ಲ ಇರುವ ಫೋಟೋ ಅಂಟಿಸಿ, ನಿಮ್ಮ ಮನೆ ನಮಗೆ ಎಷ್ಟು ಇಷ್ಟ ಆಯ್ತು ಗೊತ್ತಾ ಅಂತ ಓನರ್‌ಗೆ ಪತ್ರವನ್ನೂ ಬರೀತಾರಂತೆ. “ನೀವೂ ಒಂದು ಬರೀರಿ ಭಾವ” ಅಂದ. ಇಲ್ಲಿ ಹಾಗೆ ಪತ್ರ ಬರೆದರೆ ಓನರ್ ಅದನ್ನು ಫ್ರೇಮ್ ಹಾಕಿಸಿ, ಸಂಜೆಗೆ ಐದು ಲಕ್ಷ ಏರಿಸುತ್ತಾರೆ.

ವಿಜಯನಗರದಲ್ಲಿರುವ ನಮ್ಮ ಮಾವನದು ಪೂರ್ತಿ ಬೇರೆ ದಾರಿ. ಅವರು 1980ರ ದಶಕದಲ್ಲಿ ಸೈಟು ತಗೊಂಡ ತಲೆಮಾರು. ಕೋಟಿ ಅನ್ನೋ ಪದ ಅವರಿಗೆ ರಾಜ್ಯದ ಬಜೆಟ್ಟಿಗೆ ಮಾತ್ರ ಸಲ್ಲುತ್ತದೆ. “ಒಂದು ಇಪ್ಪತ್ತೈದಕ್ಕೆ ಕೇಳಿ ಅಳಿಯಂದಿರೇ. ಚಿಕ್ಕಪೇಟೇಲಿ ಸೀರೆ ಕೇಳೋ ಹಂಗೆ ಕೇಳಬೇಕು. ಎದ್ದು ಹೊರಟ್ರೆ ಹಿಂದಿಂದ ಕರೀತಾರೆ.” ಚಿಕ್ಕಪೇಟೆಯಲ್ಲಿ ಕರೀತಾರೆ, ಸರಿ. ಕೆಂಗೇರಿಯಲ್ಲಿ ಗೇಟು ಹಾಕಿಕೊಳ್ತಾರೆ. ಆದರೆ ಮಾವನ ಹತ್ತಿರ ವಾದ ಮಾಡೋದುಂಟೇ? “ಯೋಚನೆ ಮಾಡ್ತೀವಿ” ಅಂತ ಹೇಳಿ ಬಂದೆವು. ನಮ್ಮ ನಲವತ್ತು, ನಲವತ್ತೆಂಟರ ವಿಷಯ ಬಾಯಿ ಬಿಡಲಿಲ್ಲ.

ನಾವು ಬ್ರೋಕರ್ ಮೂಲಕ ಒಂದು ನಲವತ್ತು ಹೇಳಿದೆವು. ಮಾರನೇ ದಿನ ಫೋನ್ ಬಂತು. “ಸಾರ್, ಇನ್ನೊಂದು ಪಾರ್ಟಿ ನಲವತ್ತೆರಡು ಅಂದ್ರಂತೆ.” ಬೇಕಂತಲೇ ಹೇಳ್ತಿದಾನೆ ಅಂತ ನಾನು ನಕ್ಕುಬಿಟ್ಟೆ. ಆದರೂ ರಾತ್ರಿ ನಿದ್ದೆ ಬರಲಿಲ್ಲ. ನಲವತ್ತನಾಲ್ಕು ಅಂದೆವು. ಇನ್ನೊಂದು ಪಾರ್ಟಿ ನಲವತ್ತಾರು ಅಂತು. ನಾವು ನಲವತ್ತೆಂಟಕ್ಕೆ ಬಂದು ನಿಂತೆವು, ಅವನು ಐವತ್ತು ಅಂದ. ಯಾರಪ್ಪ ಇವನು, ಇಷ್ಟು ಹಟಮಾರಿ! ಸಾಫ್ಟ್‌ವೇರ್‌ನವನಿರಬೇಕು ಅಂತ ನಾನು. ಶೇರು ಮಾರಿ ಬಂದಿರಬೇಕು ಅಂತ ಹೆಂಡತಿ. ಅವನ ಹೆಂಡತಿ ಆ ಅಡುಗೆಮನೆಯಲ್ಲಿ ಫ್ರಿಜ್ಜು ಎಲ್ಲಿಡಬೇಕು ಅಂತ ನಿಂತು ನೋಡುತ್ತಿರುವ ಚಿತ್ರ ಇವಳ ಕಣ್ಣಿಗೆ ಕಟ್ಟಿತ್ತು. ನಲವತ್ತೆಂಟು ದಾಟಿದರೆ ಎದ್ದು ಬರೋದು ಅಂತ ಗೆರೆ ಎಳೆದವಳೇ, “ಒಂದು ಸಲ ಎದುರಿಗೆ ಕೂತು ಮಾತಾಡಿಬಿಡೋಣ ರೀ” ಅಂದಳು.

ಬ್ರೋಕರ್ ಭಾನುವಾರ ಸಂಜೆ ನಾಲ್ಕೂವರೆಗೆ ಟೈಮ್ ಹಾಕಿಸಿದ. ಹೋಗಿ ಕೂತು, ಗಂಟಲು ಸರಿ ಮಾಡಿಕೊಂಡು, “ನೋಡಿ ಸಾರ್, ನಮ್ಮ ಲಾಸ್ಟು...” ಅನ್ನುವಷ್ಟರಲ್ಲಿ ಯಜಮಾನರು ಕೈ ಅಡ್ಡ ಹಿಡಿದರು. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಕಡೆ ಬೆರಳು ತೋರಿಸಿದರು. ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. “ಅಲ್ಲೀವರೆಗೂ ರೇಟಿನ ಮಾತು ಬೇಡ.”

ಒಂದೂವರೆ ಗಂಟೆ! ಬಾಯಲ್ಲಿ ಒಂದು ಕೋಟಿ ನಲವತ್ತೆಂಟು ಲಕ್ಷ ಇಟ್ಟುಕೊಂಡು ಮಳೆ ಬಗ್ಗೆ ಮಾತಾಡಬೇಕು. ಕಾಫಿ ಬಂತು, ಚಕ್ಕುಲಿ ಬಂತು, ಮಗಳ ಮದುವೆ ಆಲ್ಬಂ ಬಂತು. ಐದೂಕಾಲಿನ ಹೊತ್ತಿಗೆ ಅವರ ಮನೆಯವರೂ ನನ್ನ ಹೆಂಡತಿಯ ಸೋದರತ್ತೆಯೂ ತುಮಕೂರಿನಲ್ಲಿ ಒಂದೇ ಸ್ಕೂಲಿನಲ್ಲಿ ಓದಿದವರು ಅಂತ ಪತ್ತೆಯಾಯಿತು. ಬೆಳಿಗ್ಗೆಯಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ ನನ್ನ ಬಿಗಿ ಮುಖ ಎಲ್ಲೋ ಕರಗಿಹೋಗಿತ್ತು. ಒಬ್ಬರ ಮನೆ ಚಕ್ಕುಲಿ ತಿಂದು, ಅವರ ಮಗಳ ಧಾರೆಯ ಫೋಟೋ ನೋಡಿ, “ನಿಮ್ಮ ಮನೆ ಅಷ್ಟು ಬಾಳಲ್ಲ” ಅನ್ನೋದು ಹೇಗೆ? ಚೌಕಾಸಿಯಲ್ಲಿ ಮಾರುವವರ ಕೈಲಿರುವ ದೊಡ್ಡ ಆಯುಧ ರಾಹುಕಾಲವೇ ಅಂತ ನನಗೀಗ ಖಾತ್ರಿಯಾಗಿದೆ.

ನಡುವೆ ಯಜಮಾನರೇ, “ಅದೇನೋ ಒಂದು ಪರ್ಸೆಂಟ್ ನೀವು ಹಿಡ್ಕೋತೀರಂತೆ?” ಅಂತ ಕೇಳಿದರು. ಟಿಡಿಎಸ್ ಸಾರ್, ಐವತ್ತು ಲಕ್ಷ ಅಥವಾ ಅದಕ್ಕೆ ಮೇಲಿದ್ದರೆ ಕೊಳ್ಳುವವರೇ ಒಂದು ಪರ್ಸೆಂಟ್ ಮುರಿದು ನಿಮ್ಮ ಪ್ಯಾನ್ ನಂಬರಿಗೆ ಕಟ್ಟಬೇಕು, ರಿಟರ್ನ್ಸ್ ಹಾಕುವಾಗ ನಿಮ್ಮ ಲೆಕ್ಕಕ್ಕೇ ಬರುತ್ತೆ ಅಂತ ವಿವರಿಸಿದೆ. ಅವರು ನಂಬಲಿಲ್ಲ. ರಾಹುಕಾಲದಲ್ಲಿ ಇದನ್ನು ಮಾತಾಡಬಹುದಾ ಸಾರ್ ಅಂದೆ. “ಅದು ಟ್ಯಾಕ್ಸು. ಅದಕ್ಕೆ ಯಾವ ಕಾಲ ಆದ್ರೂ ಒಂದೇ” ಅಂದರು.

ಆರಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಅವರ ಫೋನ್ ಹೊಡೆದುಕೊಂಡಿತು. ಅವರಿಗೆ ಕಿವಿ ಸ್ವಲ್ಪ ಮಂದ, ಎಲ್ಲ ಸ್ಪೀಕರ್‌ನಲ್ಲೇ.

“ಸಾರ್, ನಮ್ಮ ಪಾರ್ಟಿ ಐವತ್ತೆರಡಕ್ಕೆ ರೆಡಿ. ಈಗಲೇ ಮುಗಿಸಿ ಅಂತಿದಾರೆ.”

ಇನ್ನೊಂದು ಪಾರ್ಟಿಯ ಬ್ರೋಕರ್! ಅಂದರೆ ಆಸಾಮಿ ನಿಜವಾಗಿಯೂ ಇದ್ದಾನೆ. ನಮ್ಮ ಬ್ರೋಕರ್ ಮುಖದಲ್ಲಿ ನಮಗಿಂತ ಜಾಸ್ತಿ ಆಶ್ಚರ್ಯ ಇತ್ತು.

“ರಾಹುಕಾಲ ಕಣ್ರೀ, ಆರು ಗಂಟೆ ಮೇಲೆ ಮಾಡಿ” ಅಂದರು ಯಜಮಾನರು.

ಆ ಕಡೆ ಹಿಂದಿನಿಂದ ಯಾರೋ ಎರಡು ಸಲ ಕೆಮ್ಮಿ, “ಇನ್ನು ಹತ್ತೇ ನಿಮಿಷ, ಲೈನಲ್ಲೇ ಇರ್ತೀವಿ ಅಂತ ಹೇಳ್ರೀ” ಅಂದದ್ದು ಕೇಳಿಸಿತು. ನನ್ನ ಹೆಂಡತಿಯ ಕೈಯಲ್ಲಿದ್ದ ಚಕ್ಕುಲಿ ಆಲ್ಬಂ ಮೇಲೆ ಬಿತ್ತು.

“ಅಪ್ಪಾ?”

ಫೋನು ಸ್ವಲ್ಪ ಹೊತ್ತು ಸುಮ್ಮನಿತ್ತು. “ನೀನು ಅಲ್ಲೇನಮ್ಮ ಮಾಡ್ತಿದೀಯ?”

ಆಗಿದ್ದು ಇಷ್ಟು. ನಾವು ಯೋಚನೆ ಮಾಡ್ತೀವಿ ಅಂದದ್ದನ್ನು ಮಾವ, ಇವರ ಕೈಲಾಗಲ್ಲ ಅಂತ ಅರ್ಥ ಮಾಡಿಕೊಂಡಿದ್ದರು. ಅವರ ವಾಕಿಂಗ್ ಗೆಳೆಯರೊಬ್ಬರು ರಿಟೈರ್ ಆದಮೇಲೆ ಹವ್ಯಾಸಕ್ಕೆ ಬ್ರೋಕರಿ ಮಾಡುತ್ತಾರೆ. ಅವರ ಮೂಲಕ ಸುಮ್ನೆ ರೇಟು ಅಳೆಯೋಣ ಅಂತ ಕೇಳಿಸಿದ್ದಾರೆ. ಯಾರೋ ಆಗಲೇ ನಲವತ್ತು ಹೇಳಿದ್ದಾರೆ ಅಂತ ಉತ್ತರ ಬಂದಿದೆ. ಮಗಳು ಅಳಿಯ ಇಷ್ಟಪಟ್ಟ ಮನೆಯನ್ನು ಇನ್ಯಾರೋ ಹೊಡೆದುಕೊಂಡು ಹೋಗ್ತಿದ್ದಾರಲ್ಲ ಅಂತ ಸಂಕಟವಾಗಿ, ಒಂದು ಇಪ್ಪತ್ತೈದರ ಮಾವ ನಲವತ್ತೆರಡು ಅಂದಿದ್ದಾರೆ. ನಾವು ಅವರ ಮೇಲೆ ಎರಡು, ಅವರು ನಮ್ಮ ಮೇಲೆ ಎರಡು, ಕೊನೆಗೆ ತಮ್ಮದೇ ಐವತ್ತರ ಮೇಲೂ ಎರಡು. ಒಂದೇ ಮನೆಯ ದುಡ್ಡು ಎರಡು ಬ್ರೋಕರ್‌ಗಳ ಕೈಯಲ್ಲಿ ಮೆಟ್ಟಿಲು ಹತ್ತುತ್ತಾ ಹನ್ನೆರಡು ಲಕ್ಷ ಮೇಲೆ ಬಂದಿತ್ತು.

ಮಾವ ಮೆಟ್ರೋ ಹತ್ತಿ ಬಂದೇಬಿಟ್ಟರು. ರಾಹುಕಾಲ ಮುಗಿದು ಬಹಳ ಹೊತ್ತಾಗಿತ್ತು. “ಐವತ್ತೆರಡು ಅಂತ ಹಿರಿಯರು ತಾವೇ ಮಾತು ಕೊಟ್ಟಿದ್ದೀರಿ” ಅಂತ ಯಜಮಾನರು. “ಆ ಮಾತು ಬೇರೆ ಪಾರ್ಟಿ ಇದ್ದಾಗಿನದು, ಈಗ ಇಲ್ವಲ್ಲ” ಅಂತ ಮಾವ, ಮತ್ತೆ ಒಂದು ಇಪ್ಪತ್ತೈದರಿಂದ ಹೊಸದಾಗಿ ಶುರು ಮಾಡಿದರು. ಮಾವ ಎರಡು ಸಲ ಎದ್ದು ಹೊರಟರು. ಎರಡು ಸಲವೂ ಹಿಂದಿನಿಂದ ಯಜಮಾನರೇ ಕರೆದರು, ಇದನ್ನು ಮಾವ ಈಗಲೂ ನನಗೆ ನೆನಪಿಸುತ್ತಾರೆ. ಕೊನೆಗೆ ಒಂದು ನಲವತ್ತಾರಕ್ಕೆ ಮಾತು ನಿಂತಿತು. ಅದು ತುಮಕೂರಿನ ಸ್ಕೂಲಿಗೆ ಬಿಟ್ಟ ರಿಯಾಯಿತಿ ಅಂತ ಯಜಮಾನರ ಮನೆಯವರು ಹೇಳಿದರು. ಒಂದು ಲಕ್ಷದ ಒಂದು ರೂಪಾಯಿಗೆ ಟೋಕನ್ ಚೆಕ್ ಬರೆದೆ.

ಚೆಕ್ ಹರಿದು ಕೊಡುವಾಗ ನಮ್ಮ ಬ್ರೋಕರ್ ತನ್ನ ಒಂದು ಪರ್ಸೆಂಟ್ ನೆನಪಿಸಿದ. ಮಾವನ ಜೊತೆಯಲ್ಲೇ ಬಂದು ಮೂಲೆಯಲ್ಲಿ ಚಕ್ಕುಲಿ ತಿನ್ನುತ್ತಿದ್ದ ವಾಕಿಂಗ್ ಗೆಳೆಯರು ಕೈ ಒರೆಸಿಕೊಂಡು ಎದ್ದು, “ನಮ್ಮ ಪಾರ್ಟಿಯೇ ತಾನೆ ಮನೆ ತಗೊಂಡಿದ್ದು? ನಂದೂ ಒಂದು ಪರ್ಸೆಂಟ್ ಬರಬೇಕಲ್ವಾ?” ಅಂದರು. ಮಾವ ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬಂದು ಕೂತರು. ಕಾಲು ಪರ್ಸೆಂಟಿನಿಂದ ಶುರು ಮಾಡಿದರು.